ಹತ್ತು ರೂಪಾಯಿ ನಾಣ್ಯ ಬೇಡ ಅಂದವರು ಯಾರು?

ಒಂದು ಸಣ್ಣ ಪ್ರಶ್ನೆ. ಎಂಟಾಣೆ, ಅಂದ್ರೆ ಐವತ್ತು ಪೈಸೆ ನಾಣ್ಯವನ್ನು ನೀವು ಕೊನೆಯ ಸಲ ಕೈಯಲ್ಲಿ ಹಿಡಿದಿದ್ದು ಯಾವಾಗ? ಇಪ್ಪತ್ತು ರೂಪಾಯಿ ನಾಣ್ಯವನ್ನು ಯಾವತ್ತಾದ್ರೂ ನೋಡಿದ್ದೀರಾ? ಹತ್ತು ರೂಪಾಯಿ ನಾಣ್ಯ ಕೊಟ್ಟಾಗ "ಇದು ನಡೆಯಲ್ಲ, ನೋಟು ಕೊಡಿ" ಅನ್ನೋ ಮಾತು ಎಷ್ಟು ಸಲ ಕೇಳಿದ್ದೀರಿ?

ಈ ಮೂರೂ ನಾಣ್ಯಗಳು ಇವತ್ತಿಗೂ ಕಾನೂನಿನ ಪ್ರಕಾರ ಪೂರ್ತಿ ಚಲಾವಣೆಯಲ್ಲಿವೆ. ಸರ್ಕಾರ ಅವನ್ನು ರದ್ದು ಮಾಡಿಲ್ಲ. ಆದರೂ ಒಂದು ಕಣ್ಮರೆಯಾಗಿದೆ, ಒಂದು ಅಪರೂಪ, ಇನ್ನೊಂದು ಕಣ್ಣೆದುರಿಗೇ ಇದ್ದರೂ ಯಾರಿಗೂ ಬೇಡ. ನಾನು ವೃತ್ತಿಯಿಂದ ಸಾಫ್ಟ್‌ವೇರ್ ಎಂಜಿನಿಯರ್. ಒಂದು ಸಿಸ್ಟಮ್ ಕಾಗದದ ಮೇಲೆ ಸರಿಯಾಗಿದ್ದು ವಾಸ್ತವದಲ್ಲಿ ಕೆಲಸ ಮಾಡದಿದ್ದರೆ ನನಗೆ ನಿದ್ದೆ ಬರಲ್ಲ. ಹಾಗಾಗಿ ಈ ನಾಣ್ಯಗಳ ಹಿಂದೆ ಬಿದ್ದೆ. ಸಿಕ್ಕಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಕಾನೂನು ಏನು ಹೇಳುತ್ತೆ?

ನಮ್ಮಲ್ಲಿ ನೋಟುಗಳನ್ನು ಹೊರಡಿಸುವುದು ರಿಸರ್ವ್ ಬ್ಯಾಂಕ್. ನಾಣ್ಯಗಳನ್ನು ಮಾತ್ರ ಹೊರಡಿಸುವುದು ಕೇಂದ್ರ ಸರ್ಕಾರ. ಅವನ್ನು ಜನರಿಗೆ ತಲುಪಿಸುವ ಕೆಲಸ ರಿಸರ್ವ್ ಬ್ಯಾಂಕಿನದು. ಮುಂಬೈ, ಕೋಲ್ಕತ್ತಾ, ಹೈದರಾಬಾದ್ ಮತ್ತು ನೋಯ್ಡಾ, ಈ ನಾಲ್ಕು ಕಡೆ ಟಂಕಸಾಲೆಗಳಿವೆ. ಕೈಯಲ್ಲಿರುವ ನಾಣ್ಯ ಎಲ್ಲಿ ಹುಟ್ಟಿದ್ದು ಅಂತ ತಿಳಿಯಬೇಕಾದರೆ ಇಸವಿಯ ಕೆಳಗೆ ನೋಡಿ. ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕೆ ಇದ್ದರೆ ನೋಯ್ಡಾ, ವಜ್ರದಾಕಾರ ಇದ್ದರೆ ಮುಂಬೈ, ಯಾವ ಗುರುತೂ ಇಲ್ಲದಿದ್ದರೆ ಕೋಲ್ಕತ್ತಾ.

2011ರ ನಾಣ್ಯ ಕಾಯ್ದೆಯಲ್ಲಿ ಒಂದು ಕುತೂಹಲದ ನಿಯಮ ಇದೆ. ಒಂದು ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಬೆಲೆಯ ನಾಣ್ಯಗಳಲ್ಲಿ 1000 ರೂಪಾಯಿವರೆಗಿನ ಪಾವತಿ ಮಾಡಬಹುದು. ಎಂಟಾಣೆ ನಾಣ್ಯದಲ್ಲಾದರೆ 10 ರೂಪಾಯಿವರೆಗೆ ಮಾತ್ರ. ಅಂದರೆ ಮನೆ ಬಾಡಿಗೆಯನ್ನು ಚೀಲದಲ್ಲಿ ಚಿಲ್ಲರೆ ತುಂಬಿಕೊಂಡು ಹೋಗಿ ಕೊಟ್ಟರೆ ಓನರ್ ಬೇಡ ಅನ್ನಬಹುದು. ಆದರೆ ಸೊಪ್ಪಿನ ಅಂಗಡಿಯಲ್ಲಿ ಹತ್ತರ ನಾಣ್ಯ ಕೊಟ್ಟರೆ ಅದು ಹತ್ತರ ನೋಟಿನಷ್ಟೇ ದುಡ್ಡು.

ನಾಲ್ಕಾಣೆಯ ಕಥೆ ಬೇರೆ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ಎಲ್ಲ ನಾಣ್ಯಗಳನ್ನು 2011ರ ಜೂನ್ 30ರಿಂದ ಅಧಿಕೃತವಾಗಿ ಹಿಂತೆಗೆದುಕೊಂಡರು. ನಾನಾಗ ಹೈಸ್ಕೂಲಲ್ಲಿದ್ದೆ. ನಮ್ಮ ಮನೆಯಲ್ಲಿ ಯಾರೂ ಅದನ್ನು ಸುದ್ದಿ ಅಂತಲೇ ಅಂದುಕೊಳ್ಳಲಿಲ್ಲ, ಯಾಕಂದ್ರೆ ಪಾವಲಿ ಅದಕ್ಕೂ ಎಷ್ಟೋ ಮುಂಚೆಯೇ ಸತ್ತುಹೋಗಿತ್ತು. "ನಾಲ್ಕಾಣೆ ಕೋಳಿಗೆ ಬಾರಾಣೆ ಮಸಾಲೆ" ಅನ್ನೋ ಗಾದೆ ಮಾತ್ರ ಉಳಿದಿದೆ.

ಎಂಟಾಣೆ: ಕೊಲ್ಲದೇ ಸತ್ತ ನಾಣ್ಯ

ಎಂಟಾಣೆಯನ್ನು ಯಾರೂ ರದ್ದು ಮಾಡಲಿಲ್ಲ. ಅದರಿಂದ ಕೊಳ್ಳಬಹುದಾದ ವಸ್ತುವೇ ಇಲ್ಲವಾಯಿತು, ಅಷ್ಟೇ. ಐವತ್ತು ಪೈಸೆಗೆ ಸಿಗುತ್ತಿದ್ದ ಪೆಪ್ಪರ್‌ಮಿಂಟ್ ಒಂದು ರೂಪಾಯಿ ಆಯಿತು. ಬಸ್ ಟಿಕೆಟ್ ದರಗಳು ಪೂರ್ತಿ ರೂಪಾಯಿಗೆ ಬಂದವು. ಒಂದು ನಾಣ್ಯ ಬದುಕಬೇಕಾದರೆ ಅದನ್ನು ಕೇಳುವ ಬೆಲೆ ಎಲ್ಲಾದರೂ ಇರಬೇಕು. ಆ ಬೆಲೆ ಹೋದ ಮೇಲೆ ನಾಣ್ಯ ಮೊದಲು ಡಬ್ಬಿ ಸೇರುತ್ತದೆ, ಆಮೇಲೆ ದೇವಸ್ಥಾನದ ಹುಂಡಿ ಸೇರುತ್ತದೆ.

ಪೈಸೆ ಅನ್ನುವ ಲೆಕ್ಕ ಮಾತ್ರ ಸತ್ತಿಲ್ಲ. ಪೆಟ್ರೋಲ್ ಬಂಕಿನ ಬೋರ್ಡಿನಲ್ಲಿ ಪೈಸೆ ಇದೆ, ಕರೆಂಟ್ ಬಿಲ್ಲಿನಲ್ಲಿದೆ, ಮ್ಯೂಚುವಲ್ ಫಂಡ್ ಸ್ಟೇಟ್‌ಮೆಂಟಿನಲ್ಲಿದೆ. ಆದರೆ ಸರ್ಕಾರವೇ ಅದನ್ನು ಕೈಯಲ್ಲಿ ಹಿಡಿಯೋಕೆ ತಯಾರಿಲ್ಲ. ಜಿಎಸ್‌ಟಿ ಕಾನೂನಿನ ಪ್ರಕಾರ ತೆರಿಗೆಯ ಮೊತ್ತವನ್ನು ಹತ್ತಿರದ ರೂಪಾಯಿಗೆ ಸರಿಮಾಡಬೇಕು: 50 ಪೈಸೆ ಅಥವಾ ಹೆಚ್ಚಿದ್ದರೆ ಮೇಲಕ್ಕೆ, ಕಡಿಮೆ ಇದ್ದರೆ ಬಿಟ್ಟುಬಿಡಬೇಕು.

ಒಂದು, ಎರಡು: ಅವಳಿ ಮಕ್ಕಳ ಸಮಸ್ಯೆ

ಎರಡು ರೂಪಾಯಿ ನಾಣ್ಯ ಯಾಕೆ ಬೇಕು ಅಂತ ಕೇಳಿದರೆ ಎಂಜಿನಿಯರ್ ಆಗಿ ನನ್ನ ಹತ್ತಿರ ಒಂದು ಲೆಕ್ಕ ಇದೆ. ಕಾಲೇಜಿನಲ್ಲಿ ಅಲ್ಗಾರಿದಮ್ ಓದಿದವರಿಗೆಲ್ಲ ಚಿಲ್ಲರೆ ಕೊಡುವ ಸಮಸ್ಯೆ ಗೊತ್ತಿರುತ್ತೆ. ಅಂಗಡಿಯವರ ಹತ್ತಿರ 1 ಮತ್ತು 5ರ ನಾಣ್ಯ ಮಾತ್ರ ಇವೆ ಅಂದುಕೊಳ್ಳಿ. ಒಂದರಿಂದ ಒಂಬತ್ತು ರೂಪಾಯಿವರೆಗಿನ ಪ್ರತಿ ಮೊತ್ತವನ್ನೂ ಒಂದೊಂದು ಸಲ ಕೊಡಬೇಕಾದರೆ ಒಟ್ಟು 25 ನಾಣ್ಯ ಬೇಕು. ಅದೇ ಎರಡರ ನಾಣ್ಯವನ್ನೂ ಸೇರಿಸಿಕೊಂಡರೆ 17 ಸಾಕು. ಬಹುತೇಕ ದೇಶಗಳು 1, 2, 5, 10 ಅನ್ನೋ ಸರಣಿಗೆ ಅಂಟಿಕೊಂಡಿರುವುದರ ಹಿಂದೆ ಈ ಸರಳ ಲಾಭ ಇದೆ.

ಆದರೆ ಲೆಕ್ಕ ಸರಿ ಇದ್ದರೆ ಸಾಲದು, ಬೆರಳಿಗೂ ಗೊತ್ತಾಗಬೇಕು. 2007ರಲ್ಲಿ ಕೈಮುದ್ರೆಗಳ ಸರಣಿ ಬಂತು: ಒಂದು ರೂಪಾಯಿಗೆ ಎತ್ತಿದ ಹೆಬ್ಬೆರಳು, ಎರಡು ರೂಪಾಯಿಗೆ ಎರಡು ಬೆರಳು, ಎಂಟಾಣೆಗೆ ಮುಷ್ಟಿ. ನೋಡೋಕೆ ಚೆನ್ನಾಗಿತ್ತು. ಎಲ್ಲವೂ ಒಂದೇ ಬಣ್ಣದ ಸ್ಟೀಲು, ಎಲ್ಲವೂ ದುಂಡಗೆ. ಸಂಜೆ ಮಬ್ಬಿನಲ್ಲಿ ಬಸ್ಸಿನ ಕಂಡಕ್ಟರ್ ಒಂದು ಕೊಡೋ ಕಡೆ ಎರಡು ಕೊಟ್ಟರೆ ಅದು ಅವರ ಕೈಯಿಂದಲೇ ಹೋಗುವ ದುಡ್ಡು. ಕಣ್ಣು ಕಾಣದವರಿಗಂತೂ ಇದು ದಿನನಿತ್ಯದ ಪರೀಕ್ಷೆ. 2019ರ ಮಾರ್ಚ್‌ನಲ್ಲಿ ದೃಷ್ಟಿದೋಷ ಇರುವವರಿಗೂ ಗುರುತಿಸಲು ಸುಲಭವಾಗಲಿ ಅಂತ 1, 2, 5, 10 ಮತ್ತು 20 ರೂಪಾಯಿಯ ಹೊಸ ಸರಣಿ ಬಿಡುಗಡೆ ಮಾಡಿದರು. ಬೆಲೆ ಏರಿದಂತೆ ಗಾತ್ರ, ತೂಕ ಏರುತ್ತದೆ. ಇಪ್ಪತ್ತರ ನಾಣ್ಯಕ್ಕೆ ಹನ್ನೆರಡು ಮೂಲೆ. ಹೊಸದು ಬಂತು ಅಂತ ಹಳೆಯದು ಹೋಗಲಿಲ್ಲ. ಎಲ್ಲ ತಲೆಮಾರಿನ ನಾಣ್ಯಗಳೂ ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಕಲಸಿಹೋಗಿವೆ.

ಹತ್ತು ರೂಪಾಯಿ: ಹದಿನಾಲ್ಕು ಮುಖ, ಒಂದು ವದಂತಿ

ಈಗ ಅಸಲಿ ವಿಷಯಕ್ಕೆ ಬರೋಣ. ಹತ್ತರ ನಾಣ್ಯ ಎರಡು ಲೋಹದ್ದು. ಹೊರಗೆ ಬಂಗಾರದ ಬಣ್ಣದ ಬಳೆ, ಒಳಗೆ ಬೆಳ್ಳಿಯ ಬಣ್ಣದ ಬಿಲ್ಲೆ. ರೂಪಾಯಿ ಚಿಹ್ನೆ ಅಧಿಕೃತವಾಗಿದ್ದು 2010ರ ಜುಲೈನಲ್ಲಿ. 2011ರಿಂದ ಅದು ನಾಣ್ಯದ ಮೇಲೂ ಬಂತು. ಹಾಗಾಗಿ ಚಿಹ್ನೆ ಇರುವ ನಾಣ್ಯ, ಇಲ್ಲದ ನಾಣ್ಯ ಎರಡೂ ಓಡಾಡತೊಡಗಿದವು. ಒಂದರಲ್ಲಿ ಅಂಕಿಯ ಮೇಲೆ ಹತ್ತು ಗೆರೆ, ಇನ್ನೊಂದರಲ್ಲಿ ಹದಿನೈದು. ಇದರ ಜೊತೆಗೆ ಸ್ಮಾರಕ ನಾಣ್ಯಗಳು: ಸಂಸತ್ತಿಗೆ ಅರವತ್ತು ವರ್ಷ, ತೆಂಗಿನ ನಾರು ಮಂಡಳಿಯ ವಜ್ರಮಹೋತ್ಸವ, ಅಂಬೇಡ್ಕರ್ ಅವರ 125ನೇ ಜಯಂತಿ, ಯೋಗ ದಿನ, ಹೀಗೆ.

ಯಾರೋ ವಾಟ್ಸ್ಯಾಪಿನಲ್ಲಿ "ಹತ್ತು ಗೆರೆ ಇರೋದು ಅಸಲಿ, ಹದಿನೈದು ಗೆರೆ ಇರೋದು ನಕಲಿ" ಅಂತ ಹರಿಬಿಟ್ಟರು. ಅಷ್ಟು ಸಾಕಾಯಿತು. ರಿಸರ್ವ್ ಬ್ಯಾಂಕ್ 2016ರ ನವೆಂಬರ್‌ನಲ್ಲಿ ಸ್ಪಷ್ಟನೆ ಕೊಟ್ಟಿತು. 2018ರ ಜನವರಿಯಲ್ಲಿ ಮತ್ತೆ ಕೊಟ್ಟಿತು: ಇಲ್ಲಿವರೆಗೆ ಹತ್ತರ ನಾಣ್ಯ 14 ವಿನ್ಯಾಸಗಳಲ್ಲಿ ಬಂದಿದೆ, ಎಲ್ಲವೂ ಅಸಲಿ, ಎಲ್ಲವೂ ನಡೆಯುತ್ತವೆ. 14440 ನಂಬರಿಗೆ ಕರೆ ಮಾಡಿದರೆ ಇದೇ ವಿಷಯವನ್ನು ರೆಕಾರ್ಡ್ ಮಾಡಿದ ದನಿಯಲ್ಲಿ ಹೇಳುವ ವ್ಯವಸ್ಥೆಯನ್ನೂ ಮಾಡಿತು.

ಆದರೂ ಬದಲಾಗಲಿಲ್ಲ. ಯಾಕೆ?

ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಬೀದಿಯ ತುದಿಯಲ್ಲಿ ಸೊಪ್ಪು ಮಾರುವ ಅಮ್ಮನ ಹತ್ತಿರ. ಬೆಳಗ್ಗೆ ನಾಲ್ಕಕ್ಕೇ ಎದ್ದು ಮಾರ್ಕೆಟ್ಟಿಗೆ ಹೋಗಿ, ದಂಟು, ಮೆಂತ್ಯ, ಸಬ್ಬಸಿಗೆ ತಂದು, ಮಧ್ಯಾಹ್ನದೊಳಗೆ ಮಾರಿ ಮುಗಿಸುವವರು. ಅವರ ತಕ್ಕಡಿ ಪಕ್ಕ ಒಂದು ಹಳೆ ಟಿಫಿನ್ ಡಬ್ಬಿ ಇತ್ತು. ತೆಗೆದು ತೋರಿಸಿದರು. ಒಳಗೆ ಬರೀ ಹತ್ತರ ನಾಣ್ಯ. ಎಣಿಸಿದರೆ 64. ಅಂದ್ರೆ 640 ರೂಪಾಯಿ. ಒಂದೊಂದು 7.71 ಗ್ರಾಮು, ಹೆಚ್ಚುಕಮ್ಮಿ ಅರ್ಧ ಕೇಜಿ ದುಡ್ಡು.

"ಇದನ್ನ ಯಾಕಮ್ಮ ಇಟ್ಕೊಂಡಿದ್ದೀರಿ?" ಅಂದೆ.

"ಇಟ್ಕೊಂಡಿಲ್ಲ ಕಣಪ್ಪಾ, ಉಳ್ಕೊಂಡಿದೆ. ನಮಗೆ ಎಲ್ಲಾರೂ ಕೊಡ್ತಾರೆ. ಬೇಡ ಅಂದ್ರೆ ಸೊಪ್ಪು ಬಿಟ್ಟು ಹೋಗ್ತಾರೆ. ಮಾರ್ಕೆಟ್ಟಲ್ಲಿ ಸಾವ್ಕಾರ ಮಾತ್ರ ಮುಟ್ಟಲ್ಲ."

"ಬ್ಯಾಂಕಿಗೆ ಹಾಕಬಹುದಲ್ವಾ?"

"ಹೋಗಿದ್ದೆ. ಎಣಿಸೋರಿಲ್ಲ, ನಾಳೆ ಬಾ ಅಂದ್ರು. ನಾಳೆ ಹೋದ್ರೆ ಯಾಪಾರ ಯಾರ್ ಮಾಡ್ತಾರೆ?"

ಅವರ ಮಾತಿನಲ್ಲಿ ಇಡೀ ಸಮಸ್ಯೆ ಇತ್ತು. ಅವರಿಗೆ ಆ ನಾಣ್ಯ ನಕಲಿ ಅಂತ ಒಂಚೂರೂ ಅನುಮಾನ ಇರಲಿಲ್ಲ. ಸಾಹುಕಾರನಿಗೂ ಬಹುಶಃ ಇಲ್ಲ. ಪ್ರತಿಯೊಬ್ಬರ ಚಿಂತೆಯೂ ಒಂದೇ: "ನಾನು ತಗೊಂಡ್ರೆ ನನ್ನ ಹತ್ರ ಮುಂದಿನವನು ತಗೋತಾನಾ?" ದುಡ್ಡು ಅಂದ್ರೆ ಮೂಲತಃ ಅಷ್ಟೇ ತಾನೆ? ಮುಂದಿನವರು ತೆಗೆದುಕೊಳ್ಳುತ್ತಾರೆ ಅನ್ನುವ ನಂಬಿಕೆ. ನಾಣ್ಯ ಅಸಲಿ ಅಂತ ರಿಸರ್ವ್ ಬ್ಯಾಂಕ್ ನೂರು ಸಲ ಹೇಳಬಹುದು. ಆದರೆ ಮುಂದಿನವನು ತಗೋತಾನೆ ಅಂತ ಅದು ಹೇಳೋಕಾಗಲ್ಲ. ವದಂತಿ ಸತ್ತ ಮೇಲೂ ವದಂತಿಯಿಂದ ಹುಟ್ಟಿದ ಅಭ್ಯಾಸ ಬದುಕಿರುವುದು ಹೀಗೆ.

ಇದರ ನಷ್ಟ ಎಲ್ಲರಿಗೂ ಸಮನಾಗಿ ಹಂಚಿಹೋಗಿಲ್ಲ, ಗಮನಿಸಿ. "ಬೇಡ" ಅನ್ನುವ ಶಕ್ತಿ ಇರುವವರು ಬೇಡ ಅನ್ನುತ್ತಾರೆ. ಆ ಶಕ್ತಿ ಇಲ್ಲದವರ ಡಬ್ಬಿಯಲ್ಲಿ ನಾಣ್ಯ ನಿಲ್ಲುತ್ತದೆ. ಸೊಪ್ಪಿನ ಅಮ್ಮನಿಗೆ 640 ರೂಪಾಯಿ ಅಂದ್ರೆ ನಾಳೆ ಬೆಳಗ್ಗೆ ಮಾಲು ತರುವ ಬಂಡವಾಳದ ಒಂದು ಭಾಗ. ಅದು ಡಬ್ಬಿಯಲ್ಲಿ ಕೂತರೆ ಅಷ್ಟು ಕಟ್ಟು ಸೊಪ್ಪು ಕಡಿಮೆ, ಅಥವಾ ಅಷ್ಟು ಸಾಲ ಹೆಚ್ಚು.

ನಾನು ನೋಟು ಕೊಟ್ಟು ಆ 64 ನಾಣ್ಯ ತೆಗೆದುಕೊಂಡೆ. ಎಲ್ಲೆಲ್ಲಿ ನಡೆಯುತ್ತೆ ನೋಡೋಣ ಅಂತ ದಿನಾ ಜೇಬಲ್ಲಿ ಒಂದಷ್ಟು ಹಾಕಿಕೊಂಡು ಓಡಾಡಿದೆ. ಬಸ್ಸಿನಲ್ಲಿ ಕಂಡಕ್ಟರ್ ಖುಷಿಯಾಗಿ ತಗೊಂಡರು, ಅವರಿಗೆ ಚಿಲ್ಲರೆ ಬೇಕಿತ್ತು. ಪೆಟ್ರೋಲ್ ಬಂಕಿನಲ್ಲಿ, ಮೆಡಿಕಲ್ ಶಾಪಿನಲ್ಲಿ ಮಾತಿಲ್ಲದೆ ನಡೆಯಿತು. ಟೀ ಅಂಗಡಿ, ಹೂವಿನ ಅಂಗಡಿ, ಬೇಕರಿಗಳಲ್ಲಿ ಮುಖ ಸಣ್ಣಗಾಯಿತು. ಬ್ಯಾಂಕಿಗೆ ದಿನಾ ದುಡ್ಡು ಕಟ್ಟುವ ದೊಡ್ಡ ಜಾಗದಲ್ಲಿ ತೊಂದರೆ ಇಲ್ಲ. ಇವತ್ತಿನ ಗಳಿಕೆಯಿಂದಲೇ ನಾಳೆ ಮಾಲು ತರುವ ಸಣ್ಣ ಜಾಗದಲ್ಲಿ ತೊಂದರೆ. ಅವರು ಹಟಕ್ಕೆ ಬೇಡ ಅನ್ನುತ್ತಿಲ್ಲ, ಲೆಕ್ಕ ಹಾಕಿಯೇ ಬೇಡ ಅನ್ನುತ್ತಿದ್ದಾರೆ.

ನೋಟು ಇರುವಾಗ ನಾಣ್ಯ ಯಾಕೆ?

ಇನ್ನೊಂದು ಕಾರಣ ನಮ್ಮ ದೇಶಕ್ಕಷ್ಟೇ ಸೇರಿದ್ದಲ್ಲ. ಒಂದೇ ಬೆಲೆಯ ನೋಟೂ ನಾಣ್ಯವೂ ಒಟ್ಟಿಗೆ ಇದ್ದರೆ ಜನ ಹಗುರವಾದ ನೋಟನ್ನೇ ಆರಿಸಿಕೊಳ್ಳುತ್ತಾರೆ. ಅಮೆರಿಕದಲ್ಲಿ 1979ರಲ್ಲಿ ಒಂದು ಡಾಲರ್ ನಾಣ್ಯ ತಂದರು. ನೋಡೋಕೆ ಕಾಲು ಡಾಲರ್ ನಾಣ್ಯದ ಥರವೇ ಇತ್ತು, ಜನ ಒಪ್ಪಲಿಲ್ಲ. 2000ದಲ್ಲಿ ಬಂಗಾರದ ಬಣ್ಣದಲ್ಲಿ ಮತ್ತೊಂದು ತಂದರು. ಅದೂ ಓಡಲಿಲ್ಲ, ಯಾಕಂದ್ರೆ ಡಾಲರ್ ನೋಟು ಹಾಗೇ ಇತ್ತು. ಕೆನಡಾ ಬೇರೆ ದಾರಿ ಹಿಡಿಯಿತು. 1987ರಲ್ಲಿ ಡಾಲರ್ ನಾಣ್ಯ ತಂದು, 1989ರಲ್ಲಿ ನೋಟು ಕೊಡುವುದನ್ನು ನಿಲ್ಲಿಸಿತು. ಇವತ್ತು ಅಲ್ಲಿ ಆ ನಾಣ್ಯ ಎಲ್ಲರ ಜೇಬಲ್ಲಿದೆ. ಬ್ರಿಟನ್ನಿನಲ್ಲೂ 1988ರಲ್ಲಿ ಒಂದು ಪೌಂಡ್ ನೋಟು ಹೋಯಿತು, ನಾಣ್ಯ ಉಳಿಯಿತು.

ನಾವು ಅಮೆರಿಕದ ದಾರಿಯಲ್ಲಿದ್ದೇವೆ. ಹತ್ತರ ನೋಟೂ ಇದೆ, ನಾಣ್ಯವೂ ಇದೆ. ಇಪ್ಪತ್ತರದ್ದೂ ಹಾಗೇ. ಸರ್ಕಾರಕ್ಕೆ ನಾಣ್ಯದ ಮೇಲೆ ಯಾಕೆ ಪ್ರೀತಿ ಅಂದ್ರೆ ಬಾಳಿಕೆ. ಸಣ್ಣ ನೋಟು ಬೆವರು, ಎಣ್ಣೆ, ಮಳೆ ತಿಂದು ಬೇಗ ಹರಿಯುತ್ತದೆ. ನಾಣ್ಯ ದಶಕಗಳ ಕಾಲ ಓಡುತ್ತದೆ. ಆದರೆ ಓಡಿದರೆ ತಾನೆ ಆ ಲಾಭ? ಡಬ್ಬಿಯಲ್ಲಿ ಕೂತ ನಾಣ್ಯದ ಬಾಳಿಕೆ ಯಾರಿಗೆ ಬೇಕು?

ಲೋಹದ ಬೆಲೆ, ಮುಯ್ಯಿಯ ಕವರು

ಕೆಲವು ನಾಣ್ಯ ಮಾಯವಾಗುವುದಕ್ಕೆ ಕಾರಣ ಬೇಡಿಕೆ ಇಲ್ಲದಿರುವುದಲ್ಲ, ಬೇಡಿಕೆ ಜಾಸ್ತಿ ಇರುವುದು. ದಪ್ಪಗೆ, ಭಾರವಾಗಿದ್ದ ಹಳೆಯ ಐದು ರೂಪಾಯಿ ನಾಣ್ಯ ನೆನಪಿದೆಯಾ? ತಾಮ್ರ ಮತ್ತು ನಿಕ್ಕಲ್ ಮಿಶ್ರಣದ್ದು, 9 ಗ್ರಾಮ್ ತೂಕ. ನಾಣ್ಯದ ಮುಖಬೆಲೆಗಿಂತ ಲೋಹದ ಬೆಲೆ ಹೆಚ್ಚಾದರೆ ಕರಗಿಸುವವರು ಹುಟ್ಟಿಕೊಳ್ಳುತ್ತಾರೆ. ನಮ್ಮ ನಾಣ್ಯಗಳು ಗಡಿ ದಾಟಿ ಬಾಂಗ್ಲಾದೇಶದಲ್ಲಿ ಬ್ಲೇಡ್ ಆಗುತ್ತಿವೆ ಅಂತ 2007ರ ಹೊತ್ತಿಗೆ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ನಾಣ್ಯ ಕರಗಿಸಿದರೆ 2011ರ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಜೈಲು ಇದೆ. ಐದರ ನಾಣ್ಯ ಕ್ರಮೇಣ ಹಗುರವಾಗಿ 6 ಗ್ರಾಮಿಗೆ ಇಳಿಯಿತು, ಲೋಹವೂ ಬದಲಾಯಿತು.

ಇನ್ನು ನಮ್ಮ ಮನೆಗಳನ್ನೇ ನೋಡಿ. ಮದುವೆ, ಗೃಹಪ್ರವೇಶಕ್ಕೆ ಮುಯ್ಯಿ ಮಾಡುವಾಗ ನೂರಾ ಒಂದು, ಐನೂರಾ ಒಂದು ಅಂತ ಕೊಡೋದು ಪದ್ಧತಿ. ಒಂದು ರೂಪಾಯಿ ಅಂಟಿಸಿದ ಕವರುಗಳೇ ಅಂಗಡಿಯಲ್ಲಿ ಸಿಗುತ್ತವೆ. ಆ ಕವರುಗಳು ಮನೆಯಿಂದ ಮನೆಗೆ ಓಡಾಡುತ್ತವೆ, ಗಲ್ಲಾಪೆಟ್ಟಿಗೆಗೆ ಬರಲ್ಲ. ಕಳಶಕ್ಕೆ, ಆರತಿ ತಟ್ಟೆಗೆ, ಮಕ್ಕಳ ಹುಂಡಿಗೆ ಹೋಗುವುದೂ ನಾಣ್ಯವೇ. ನೋಟು ಅಂಗಡಿಗೂ ಮನೆಗೂ ಎರಡೂ ದಿಕ್ಕಿನಲ್ಲಿ ಓಡಾಡುತ್ತೆ. ನಾಣ್ಯದ ಪ್ರಯಾಣ ಹೆಚ್ಚಾಗಿ ಒನ್‌ವೇ: ಬ್ಯಾಂಕಿನಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ, ಮನೆಯಲ್ಲಿ ಫ್ರಿಜ್ ಮೇಲಿನ ಬಟ್ಟಲಿಗೆ. ಅಲ್ಲಿಗೆ ಕಥೆ ಮುಗಿಯಿತು. ಒಂದು ಕಡೆ "ಚಿಲ್ಲರೆ ಇಲ್ಲ" ಅಂತ ಕೂಗು, ಇನ್ನೊಂದು ಕಡೆ ಡಬ್ಬಿ ತುಂಬ ಚಿಲ್ಲರೆ. ಎರಡೂ ಒಟ್ಟಿಗೆ ನಿಜ.

ಸ್ಕ್ಯಾನ್ ಮಾಡಿದರೆ ಮುಗೀತಲ್ಲ?

ಇಷ್ಟು ಓದಿದ ಮೇಲೆ ನೀವು ಹೇಳಬಹುದು: "ಈಗ ಎಲ್ಲಾ ಯುಪಿಐ ಅಲ್ವಾ, ನಾಣ್ಯ ಯಾರಿಗೆ ಬೇಕು?" ನಿಜ, 2016ರಲ್ಲಿ ಶುರುವಾದ ಯುಪಿಐ ಚಿಲ್ಲರೆ ಜಗಳವನ್ನೇ ಅರ್ಧ ಮುಗಿಸಿತು. ಟಿಕೆಟ್ ಹಿಂದೆ ಬಾಕಿ ಬರೆದುಕೊಡುವುದು, ಎರಡು ರೂಪಾಯಿ ಬದಲು ಚಾಕಲೇಟ್ ಕೊಡುವುದು, ಇವೆಲ್ಲ ಕಡಿಮೆಯಾಗಿವೆ. ಹದಿಮೂರು ರೂಪಾಯಿ ಅಂದ್ರೆ ಹದಿಮೂರೇ ಹೋಗುತ್ತೆ.

ರಿಸರ್ವ್ ಬ್ಯಾಂಕ್ ಇದನ್ನೇ ನಾಣ್ಯಕ್ಕೆ ಬಳಸಿಕೊಳ್ಳಲು ನೋಡಿತು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಖಾತೆಯಿಂದ ದುಡ್ಡು ಹೋಗಿ ನಾಣ್ಯ ಬರುವ ಯಂತ್ರಗಳನ್ನು 12 ನಗರಗಳಲ್ಲಿ ಪ್ರಯೋಗಕ್ಕೆ ಇಡುವುದಾಗಿ 2023ರ ಫೆಬ್ರವರಿಯಲ್ಲಿ ಘೋಷಿಸಿತು. ಐಡಿಯಾ ಚೆನ್ನಾಗಿದೆ. ಆದರೆ ಅದು ನಾಣ್ಯ ಬೇಕಾದವರಿಗೆ ನಾಣ್ಯ ಕೊಡುವ ಯಂತ್ರ. ನಾಣ್ಯ ಜಾಸ್ತಿಯಾಗಿ ಒದ್ದಾಡುವವರಿಂದ ತೆಗೆದುಕೊಳ್ಳುವ ಯಂತ್ರ ಬೇಕಲ್ವಾ? ನಮ್ಮ ಸೊಪ್ಪಿನ ಅಮ್ಮನಿಗೆ ಬೇಕಿರುವುದು ಅದು.

ಅಂದಹಾಗೆ, ಅವರ ತಕ್ಕಡಿ ಪಕ್ಕ ಕ್ಯೂಆರ್ ಕೋಡ್ ಕೂಡ ಇದೆ, ಮಗನ ಖಾತೆಯದ್ದು. ಬೆಳಗಿನ ಜಾವ ಮಾರ್ಕೆಟ್ಟಿನಲ್ಲಿ ಕೈಯಲ್ಲಿ ಬೇಕಾಗುವ ಕಾಸು ಅದರಿಂದ ಬರಲ್ಲ. ಫೋನಿಲ್ಲದ ಅಜ್ಜಿ, ಚಾರ್ಜ್ ಮುಗಿದ ಕೂಲಿ, ಶಾಲೆಗೆ ಹೋಗುವ ಮಗು, ಇವರೆಲ್ಲರ ದುಡ್ಡು ಇನ್ನೂ ನಾಣ್ಯವೇ.

ನಾವೇನು ಮಾಡಬಹುದು?

ಕೆಲಸಕ್ಕೆ ಬರುವ ನಾಲ್ಕು ಮಾತು.

ಒಂದು, ಹತ್ತರ ಮತ್ತು ಇಪ್ಪತ್ತರ ನಾಣ್ಯ ಯಾರಾದರೂ ಕೊಟ್ಟರೆ ಮಾತಾಡದೆ ತಗೊಳ್ಳಿ. ಗೆರೆ ಎಣಿಸಬೇಡಿ. ಚಿಹ್ನೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಎರಡು, ಅವನ್ನು ಖರ್ಚು ಮಾಡುವಾಗ ದೊಡ್ಡ ಕಡೆ ಕೊಡಿ: ಬಸ್ಸು, ಪೆಟ್ರೋಲ್ ಬಂಕು, ಸೂಪರ್ ಮಾರ್ಕೆಟ್ಟು. ಅಲ್ಲಿಂದ ಅವು ಬ್ಯಾಂಕಿಗೆ ವಾಪಸ್ ಹೋಗುತ್ತವೆ. ಗಾಡಿಯವರಿಗೆ, ಹೂವಿನವರಿಗೆ ಅವರು ಕೇಳಿದ್ದನ್ನೇ ಕೊಡಿ.

ಮೂರು, ಬ್ಯಾಂಕಿಗೆ ನಾಣ್ಯ ಹಾಕುವುದಕ್ಕೆ ಗ್ರಾಹಕರಿಗೆ ಮಿತಿ ಇಲ್ಲ, ಎಷ್ಟು ಬೇಕಾದರೂ ಹಾಕಬಹುದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಸಾವಿರ ರೂಪಾಯಿಯ ಮಿತಿ ಪಾವತಿಗೆ, ಠೇವಣಿಗಲ್ಲ. ನೂರು ನೂರರ ಪೊಟ್ಟಣ ಕಟ್ಟಿಕೊಂಡು ಹೋದರೆ ಎಣಿಸುವ ನೆಪ ಇರಲ್ಲ. ತೆಗೆದುಕೊಳ್ಳದಿದ್ದರೆ ಬರಹದಲ್ಲಿ ದೂರು ಕೊಡಿ.

ನಾಲ್ಕು, ಇದು ನಮ್ಮ ವಯಸ್ಸಿನವರಿಗೆ. ನಿಮ್ಮ ಬೀದಿಯಲ್ಲಿ ಇಂಥ ಡಬ್ಬಿ ಇಟ್ಟುಕೊಂಡವರು ಒಬ್ಬರಾದರೂ ಇರುತ್ತಾರೆ. ಕೇಳಿ ನೋಡಿ. ಅವರ ಪರವಾಗಿ ಶನಿವಾರ ಬೆಳಗ್ಗೆ ಬ್ಯಾಂಕಿನ ಸಾಲಿನಲ್ಲಿ ಅರ್ಧ ಗಂಟೆ ನಿಲ್ಲೋದು ನಮಗೆ ಕಷ್ಟವಲ್ಲ. ಎರಡನೇ, ನಾಲ್ಕನೇ ಶನಿವಾರ ರಜೆ ಇರುತ್ತೆ, ಅದೊಂದು ನೋಡಿಕೊಂಡು ಹೋಗಿ.